ಧ್ವನಿಗೂ ಒಂದು ಸ್ಥಾನವುಂಟು

ಸಭಾಂಗಣದಲ್ಲಿ ಮಾತು ಸರಿಯಾಗಿ ಕೇಳದಿದ್ದರೆ ನಾವು ಕೂಡಲೇ ಸೂಚಿಸುವ ಉಪಾಯಗಳು ಎರಡು: ಧ್ವನಿಯನ್ನು ಹೆಚ್ಚಿಸುವುದು, ಇಲ್ಲವೆ ಇನ್ನೆರಡು ಧ್ವನಿವರ್ಧಕಗಳನ್ನು ತರಿಸುವುದು. ಇವೆರಡೂ ಅನೇಕ ವೇಳೆ ನಿರರ್ಥಕವೆಂದೇ ನನ್ನ ಅಭಿಪ್ರಾಯ. ಧ್ವನಿಗೆ ಬಲಕ್ಕಿಂತ ಮೊದಲು ಬೇಕಾದುದು ಸ್ಥಾನ.

ನಿಸರ್ಗವು ನಮಗೆ ಎರಡು ಕಿವಿಗಳನ್ನು ಕೊಟ್ಟಿರುವುದು ವ್ಯರ್ಥವಲ್ಲ. ಎಡಗಡೆಯ ಶಬ್ದವು ಎಡಗಿವಿಯನ್ನು ತುಸು ಮುಂಚಿತವಾಗಿಯೂ ತುಸು ಗಟ್ಟಿಯಾಗಿಯೂ ಮುಟ್ಟುತ್ತದೆ. ಈ ಕಾಲದ ಅಂತರವು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಆದರೂ ಅದು ನಮಗೆ ದಿಕ್ಕನ್ನು ತಿಳಿಸುತ್ತದೆ. ಎರಡು ಕಿವಿಗಳ ಈ ಶಕ್ತಿಯನ್ನು ಆಧರಿಸಿ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್ ಎಂಬ ಎಂಜಿನಿಯರರು 1931ರಲ್ಲಿ ಸ್ಟೀರಿಯೋ ಪದ್ಧತಿಗೆ ಪೇಟೆಂಟನ್ನು ಕೋರಿದರು. ಎರಡು ಧ್ವನಿವರ್ಧಕಗಳೂ ಕೇಳುವವನೂ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿದ್ದು, ಎರಡರಿಂದಲೂ ಒಂದೇ ದನಿ ಸಮನಾಗಿ ಹೊರಟರೆ, ಬರಿದಾದ ನಡುವಿನಿಂದಲೇ ಆ ದನಿ ಬಂದಂತೆ ತೋರುತ್ತದೆ. ಕೇಳುವವನು ಎಡಕ್ಕೆ ಸರಿದು ಕುಳಿತನೆಂದರೆ ದನಿಯೂ ಎಡಕ್ಕೆ ಸರಿಯುತ್ತದೆ.

ಇಂದಿನ ಧ್ವನಿಸಂಯೋಜನೆಯ ತಂತ್ರಾಂಶಗಳಲ್ಲಿ ಎರಡು ಬಗೆಯ ಸ್ಥಾನಗಳುಂಟು. ಧ್ವನಿಯು ಎಲ್ಲಿಂದ ಬಂದಂತೆ ಕೇಳಿಸಬೇಕೆಂಬುದು ಒಂದು. ಧ್ವನಿವರ್ಧಕಗಳು ನಿಜವಾಗಿ ಎಲ್ಲಿ ನಿಂತಿವೆ ಎಂಬುದು ಇನ್ನೊಂದು. ಮೊದಲನೆಯದು ಕಲಾವಿದನ ಕಲ್ಪನೆ, ಎರಡನೆಯದು ಕೋಣೆಯ ವಾಸ್ತವ. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್ ಪದ್ಧತಿಯಲ್ಲಿ ಹಾರುವ ವಿಮಾನದ ಸದ್ದಿನೊಡನೆ ಅದರ ಸ್ಥಾನವನ್ನೂ ಬರೆದಿಡುತ್ತಾರೆ. ಆಯಾ ಮಂದಿರದ ಯಂತ್ರವು ತನ್ನಲ್ಲಿರುವ ಧ್ವನಿವರ್ಧಕಗಳಿಗೆ ಅದನ್ನು ಲೆಕ್ಕಹಾಕಿ ಹಂಚುತ್ತದೆ. ಆದರೆ ಯಂತ್ರಕ್ಕೆ ಕಣ್ಣಿಲ್ಲ. ನಾವು ಕೊಟ್ಟ ಅಳತೆಯನ್ನೇ ಅದು ನಂಬುತ್ತದೆ. ಎಡಬಲದ ತಂತಿಗಳು ಅದಲುಬದಲಾದರೆ, ಎಡಕ್ಕೆ ಓಡಬೇಕಾದ ಕುದುರೆಯ ಸಪ್ಪಳ ಬಲಕ್ಕೆ ಓಡುವುದು!

ನಮ್ಮ ಶಾಲೆಗಳಿಗೆ ಅಂತಹ ಸಲಕರಣೆಗಳಿಲ್ಲವಲ್ಲ ಎನ್ನಬಹುದು. ಇಲ್ಲದಿದ್ದರೂ ತತ್ತ್ವವೊಂದೇ. ಸುಮಾರು 20 ಡಿಗ್ರಿ ಉಷ್ಣತೆಯ ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ 343 ಮೀಟರು ಚಲಿಸುತ್ತದೆ. 17 ಮೀಟರು ದಾಟಲು ಸುಮಾರು 50 ಮಿಲಿಸೆಕೆಂಡು ಬೇಕು. ವೇದಿಕೆಯಿಂದ ಅಷ್ಟು ದೂರದಲ್ಲಿ ಹಿಂದಿನ ಸಾಲುಗಳಿಗಾಗಿ ಒಂದು ಧ್ವನಿವರ್ಧಕವನ್ನಿಟ್ಟರೆ, ಅದರ ಮಾತು ಮೊದಲು ಕೇಳಿಸಿ, ವೇದಿಕೆಯ ಮಾತು ಅದರ ಬೆನ್ನಿಗೇ ಬಂದು ಅಕ್ಷರಗಳನ್ನು ಕಲಸಿಬಿಡುತ್ತದೆ. ಹಿಂದಿನದನ್ನು 60 ಮಿಲಿಸೆಕೆಂಡು ತಡೆದು ನುಡಿಸಿದರೆ ಮಾತು ಸ್ಪಷ್ಟವಾಗುವುದಲ್ಲದೆ ವೇದಿಕೆಯಿಂದಲೇ ಬಂದಂತೆಯೂ ತೋರುತ್ತದೆ. ಏಕೆಂದರೆ ಕಿವಿಯು ಮೊದಲು ಬಂದ ಶಬ್ದದ ದಿಕ್ಕನ್ನೇ ಹಿಡಿಯುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ಅವರು 1951ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ವಿಷಯದಲ್ಲಿ ಪ್ರಸಿದ್ಧವಾಗಿವೆ.

ಇದು ತಂತ್ರಜ್ಞರ ಕೆಲಸ, ವಿದ್ಯಾರ್ಥಿಗಳದಲ್ಲ ಎಂಬ ವಾದವನ್ನು ನಾನು ಒಪ್ಪಲಾರೆ. ಅಳೆಯುವ ಟೇಪು, ಕಾಗದ, ಭಾಗಾಕಾರ: ಇಷ್ಟು ಸಾಕು. ವಾರ್ಷಿಕೋತ್ಸವದ ಹಿಂದಿನ ದಿನ ಸಭಾಂಗಣದ ನಕ್ಷೆಯನ್ನು ಬರೆಯಿರಿ. ಒಂದೊಂದೇ ಧ್ವನಿವರ್ಧಕದಲ್ಲಿ ಮಾತನಾಡಿಸಿ, ಕೊನೆಯ ಸಾಲಿನಲ್ಲಿ ಕುಳಿತು ಕೇಳಿರಿ.

ಈ ನಗರದಲ್ಲಿ ಮನೆ ಮತ್ತು ಶಾಲೆಗಳನ್ನು ಬಿಟ್ಟರೆ ಕನ್ನಡವು ನಮ್ಮ ಕಿವಿಗೆ ಬೀಳುವುದು ಅಪರೂಪ. ವರ್ಷಕ್ಕೊಮ್ಮೆ ಆಡುವ ನಾಟಕದ ನುಡಿಗಳು ಕೊನೆಯ ಸಾಲಿನ ಬಾಲಕನಿಗೆ ಬರಿಯ ಗದ್ದಲವಾಗಿ ತಲಪಿದರೆ, ಆ ನಷ್ಟವನ್ನು ಯಾವ ಅಬ್ಬರದ ಯಂತ್ರವೂ ತುಂಬಿಕೊಡಲಾರದು. ಮುಂದಿನ ಸಾಲಿನವರಿಗಿರುವಷ್ಟೇ ಹಕ್ಕು ಅವನಿಗೂ ಇದೆ.