ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಆ ಪುಟ್ಟ ಬಾಟಲಿಯಲ್ಲಿ ಏನಿದೆ? ತೆಂಗಿನ ಸೀಮೆಯಿಂದ ಒಂದು ಲೆಕ್ಕ

ತಿಪಟೂರಿನ ಬಿ.ಎಚ್. ರಸ್ತೆಯಲ್ಲಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪೇಟೆಯಲ್ಲಾಗಲಿ ಯಾವುದಾದರೂ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಬೈಕ್ ಯಾಕೋ ಪಿಕಪ್ ತಗೋತಿಲ್ಲ ಅನ್ನಿ. ಗೇಣುದ್ದದ ಬಾಟಲಿಯೊಂದು ಕೌಂಟರ್ ಮೇಲೆ ಬಂದು ಕೂರುತ್ತೆ. 'ಫ್ಯುಯೆಲ್ ಸಿಸ್ಟಮ್ ಕ್ಲೀನರ್', 'ಇಂಜೆಕ್ಟರ್ ಕ್ಲೀನರ್' ಹೀಗೆ ಏನೋ ಒಂದು ಹೆಸರು. ಒಳಗೇನಿದೆ ಅಂತ ಲೇಬಲ್ ಓದಿದರೆ ಗೊತ್ತಾಗೋದು ಬಹಳ ಕಡಿಮೆ. ಇ20 ಪೆಟ್ರೋಲ್ ಬಗ್ಗೆ ಗಲಾಟೆ ಶುರುವಾದ ಮೇಲಂತೂ ಯೂಟ್ಯೂಬ್ ಪಂಡಿತರ ಮೊದಲ ಸಲಹೆಯೇ ಇದು.

ಎಂಜಿನ್‌ಗೆ ಪೆಟ್ರೋಲ್ ಹೋಗುವ ದಾರಿಯಲ್ಲಿ ಇನ್‌ಟೇಕ್ ವಾಲ್ವ್ ಅಂತ ಒಂದು ಬಿಸಿ ಬಾಗಿಲಿದೆ. ಪೆಟ್ರೋಲ್ ಅಲ್ಲಿ ಆವಿಯಾದಾಗ ಉಳಿಯುವ ಅಂಟು, ಎಂಜಿನ್ ಆಯಿಲ್‌ನ ಹನಿ, ಹೊಗೆ ಎಲ್ಲಾ ಸೇರಿ ಕಿಟ್ಟ ಕಟ್ಟುತ್ತೆ. ಕಿಟ್ಟ ಹೆಚ್ಚಾದರೆ ಗಾಳಿ-ಪೆಟ್ರೋಲ್ ಮಿಶ್ರಣ ಕೆಡುತ್ತೆ, ಹೊಗೆ ಹೆಚ್ಚುತ್ತೆ, ಮೈಲೇಜ್ ಇಳಿಯುತ್ತೆ. ಇದನ್ನು ತೊಳೆಯೋಕೆ ಪೆಟ್ರೋಲ್‌ಗೆ ಡಿಟರ್ಜೆಂಟ್ ಸೇರಿಸ್ತಾರೆ. ಪಾಲಿಈಥರ್‌ಅಮೈನ್, ಪಾಲಿಐಸೋಬ್ಯುಟಿಲೀನ್ ಅಮೈನ್ ಅನ್ನುವ ರಾಸಾಯನಿಕಗಳಿವು. ಅಣುವಿನ ಒಂದು ತುದಿ ಕೊಳೆಗೆ ಅಂಟುತ್ತೆ, ಇನ್ನೊಂದು ತುದಿ ಪೆಟ್ರೋಲ್‌ನಲ್ಲಿ ಕರಗುತ್ತೆ.

ಎಡವಟ್ಟು ಇರೋದು ಇಲ್ಲೇ. ಬಿಸಿ ವಾಲ್ವ್ ಮೇಲೆ ಪೆಟ್ರೋಲ್ ಆವಿಯಾಗಿ ಹೋದಮೇಲೆ ಡಿಟರ್ಜೆಂಟ್ ಒಂದೇ ಉಳಿದರೆ ಅದೂ ಅಂಟಾಗಿ ಕೂತುಬಿಡಬಹುದು. ಅದಕ್ಕೇ ಬೇಗ ಆವಿಯಾಗದ ಇನ್ನೊಂದು ಎಣ್ಣೆಯಂಥ ದ್ರವ ಜೊತೆಗಿರಬೇಕು. ಅದನ್ನು ಕ್ಯಾರಿಯರ್ ಫ್ಲೂಯಿಡ್ ಅಂತಾರೆ, ವಾಹಕ ದ್ರವ ಅನ್ನೋಣ. ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ತೀವಲ್ಲ, ಸರಿಸುಮಾರು ಅದೇ ಕೆಲಸ. ವಾಲ್ವ್ ಮೇಲೆ ತೆಳುವಾಗಿ ಹರಡಿ, ಸಡಿಲವಾದ ಕಿಟ್ಟವನ್ನು ಜಾರಿಸಿಕೊಂಡು ಕೆಳಗಿಳಿದು ಉರಿದುಹೋಗುತ್ತೆ.

ಈ ದ್ರವದಲ್ಲೂ ಅಗ್ಗದ್ದು, ಒಳ್ಳೇದು ಅಂತ ಇದೆ. ಅಗ್ಗದ್ದು ಖನಿಜ ತೈಲ. ವಾಲ್ವ್ ತೊಳೆಯುತ್ತೆ, ಆದರೆ ಸಿಲಿಂಡರ್ ಒಳಗೆ ಹೋಗಿ ಅಲ್ಲಿ ಮಸಿ ಕಟ್ಟಬಹುದು. ಒಂದು ಕೋಣೆ ಗುಡಿಸಿ ಕಸವನ್ನು ಇನ್ನೊಂದು ಕೋಣೆಗೆ ತಳ್ಳಿದ ಹಾಗೆ. ಪಾಲಿಈಥರ್ ಜಾತಿಯ ವಾಹಕ ದುಬಾರಿ, ಆದರೆ ಹೆಚ್ಚು ಸ್ವಚ್ಛವಾಗಿ ಉರಿಯುತ್ತೆ. ಹಾಗಾಗಿ ಬಾಟಲಿ ಕೊಳ್ಳುವವನಿಗೆ ಗೊತ್ತಾಗಬೇಕಾದ ಮುಖ್ಯ ಸಂಗತಿ ಒಳಗಿರೋದು ಯಾವುದು ಅನ್ನೋದು. ಕಂಪನಿಗಳು ಅದನ್ನೇ ವ್ಯಾಪಾರದ ಗುಟ್ಟು ಅಂತ ಮುಚ್ಚಿಡುತ್ತವೆ.

ಈಗ ತೆಂಗಿನ ವಿಷಯ. ಪಾಲಿಈಥರ್ ವಾಹಕ ತಯಾರಿಸೋಕೆ ಉದ್ದ ಸರಪಳಿಯ ಆಲ್ಕೋಹಾಲ್ ಒಂದು ಬೇಕು. 12 ಇಂಗಾಲದ ಲಾರಿಲ್ ಆಲ್ಕೋಹಾಲ್ ಅದಕ್ಕೆ ಆಗುತ್ತೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಲಾರಿಕ್ ಆಮ್ಲವೇ. ಹಾಗಂತ ಮನೆಯ ಎಣ್ಣೆ ತಂದು ಟ್ಯಾಂಕಿಗೆ ಸುರಿದೀರಿ ಮತ್ತೆ! ಎಂಜಿನ್ ಕೆಡಿಸೋಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ಕಬ್ಬಿನ ಸೀಮೆಗೆ ಎಥನಾಲ್ ಸಿಕ್ಕಿತು, ಮೆಕ್ಕೆಜೋಳಕ್ಕೂ ಸಿಕ್ಕಿತು, ತೆಂಗಿಗೆ ಯಾಕಿಲ್ಲ ಅಂತ ಕೇಳೋರಿದ್ದಾರೆ. ಲೆಕ್ಕ ಹಾಕಿಯೇ ನೋಡೋಣ. ದೇಶ 2024-25ರಲ್ಲಿ ಸುಟ್ಟ ಪೆಟ್ರೋಲ್ ಸುಮಾರು 4 ಕೋಟಿ ಟನ್. ಹತ್ತು ಲಕ್ಷಕ್ಕೆ 300 ಭಾಗ ವಾಹಕ ಬೆರೆಸಿದರು ಅಂತ ಇಟ್ಟುಕೊಂಡರೆ ಬೇಕಾಗೋದು 12,000 ಟನ್. ಅದರ ತೂಕದಲ್ಲಿ ಲಾರಿಲ್ ಆಲ್ಕೋಹಾಲ್ ಆರನೇ ಒಂದು ಭಾಗ ಅಂದುಕೊಂಡರೆ 2,000 ಟನ್, ಉಳಿದದ್ದು ಪೆಟ್ರೋಕೆಮಿಕಲ್. ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಸುಮಾರು 6,500 ಟನ್ ಕೊಬ್ಬರಿ. ಇದು ಅಂದಾಜು, ಡೋಸ್ ಬದಲಾದರೆ ಅಂಕಿಯೂ ಬದಲಾಗುತ್ತೆ. ಆದರೂ 2024ರಲ್ಲಿ ಕರ್ನಾಟಕದ ಉಂಡೆ ಕೊಬ್ಬರಿ ಖರೀದಿಗೆ ಕೇಂದ್ರ ಮೊದಲು ಒಪ್ಪಿದ್ದ 62,500 ಟನ್ ಪಕ್ಕ ಇಟ್ಟು ನೋಡಿ. ಇಡೀ ದೇಶದ ಪೆಟ್ರೋಲ್‌ಗೆ ಬೆರೆಸಿದರೂ ಅದರ ಹತ್ತನೇ ಒಂದು ಭಾಗ!

ಅದೂ ನಮ್ಮ ಕೊಬ್ಬರಿ ಆಗೋದಿಲ್ಲ. ತಿಪಟೂರು ಮಾರುಕಟ್ಟೆಗೆ ಬರೋದು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿದ ಉಂಡೆ ಕೊಬ್ಬರಿ, ಉತ್ತರ ಭಾರತದವರು ತಿನ್ನೋಕೆ ಕೊಳ್ಳುವ ಮಾಲು. ಗಾಣಕ್ಕೆ ಹೋಗುವ ಕೊಬ್ಬರಿ ಬೇರೆ. 2025ರ ಬೆಂಬಲ ಬೆಲೆಯಲ್ಲೇ ವ್ಯತ್ಯಾಸ ಇದೆ: ಉಂಡೆಗೆ ಕ್ವಿಂಟಾಲ್‌ಗೆ 12,100 ರೂಪಾಯಿ, ಗಾಣದ್ದಕ್ಕೆ 11,582. ಅದೇ ವರ್ಷ ಮಾರುಕಟ್ಟೆಯಲ್ಲಿ ಉಂಡೆ 20 ಸಾವಿರ ದಾಟಿತು. ಅದೇ ಲಾರಿಲ್ ಆಲ್ಕೋಹಾಲ್ ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಬೀಜದ ಎಣ್ಣೆಯಿಂದಲೂ ಬರುವಾಗ ಕಾರ್ಖಾನೆಯವನು ಇಲ್ಲಿಗೆ ಯಾಕೆ ಬರ್ತಾನೆ?

ಫಿಲಿಪ್ಪೀನ್ಸ್ ಇದನ್ನು ಬೇರೆ ರೀತಿ ಮಾಡಿ ನೋಡಿದೆ. ಅಲ್ಲಿ 2006ರ ಜೈವಿಕ ಇಂಧನ ಕಾಯ್ದೆಯಡಿ ಡೀಸೆಲ್‌ಗೆ ತೆಂಗಿನೆಣ್ಣೆಯ ಎಸ್ಟರ್ ಬೆರೆಸ್ತಾರೆ. 2024ರ ಅಕ್ಟೋಬರ್‌ನಲ್ಲಿ ಪ್ರಮಾಣ ಶೇ 3ಕ್ಕೆ ಏರಿತು. ಮುಂದಿನ ವರ್ಷ ಶೇ 4 ಆಗಬೇಕಿತ್ತು, ತೆಂಗಿನೆಣ್ಣೆ ಬೆಲೆ ಏರಿದ್ದರಿಂದ ತಡೆಹಿಡಿದರು. ಬೆಲೆ ಬಿದ್ದಾಗ ಆಸರೆ ಬೇಕು, ಬೆಲೆ ಎದ್ದಾಗ ಇಂಧನಕ್ಕೆ ಸುಡೋದು ಹುಚ್ಚುತನ. ಎರಡೂ ನಿಜ.

ಹಾಗಾಗಿ ಕೊಬ್ಬರಿ ಬೆಲೆಗೆ ಪರಿಹಾರ ಟ್ಯಾಂಕಿನಲ್ಲಿಲ್ಲ. ಟ್ಯಾಂಕಿನ ಪ್ರಶ್ನೆ ಗ್ರಾಹಕನದ್ದು, ಅದು ಸಣ್ಣದೇನಲ್ಲ. ಅಮೆರಿಕದಲ್ಲಿ 1995ರ ಜನವರಿ 1ರಿಂದ ಪ್ರತಿ ಲೀಟರ್ ಪೆಟ್ರೋಲ್‌ಗೂ ಕಿಟ್ಟ ತಡೆಯುವ ಡಿಟರ್ಜೆಂಟ್ ಕಡ್ಡಾಯ. ಅಷ್ಟು ಸಾಲದು ಅಂತ 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೋಟಾ ಸೇರಿ 'ಟಾಪ್ ಟಿಯರ್' ಅನ್ನುವ ಇನ್ನೂ ಕಟ್ಟುನಿಟ್ಟಿನ ಮಾನದಂಡ ತಂದವು. ಅಲ್ಲಿ ಅದು ವಾಯುಮಾಲಿನ್ಯದ ನಿಯಮ. ನಮ್ಮಲ್ಲಿ ಎಂಜಿನ್ ಸ್ವಚ್ಛತೆಯನ್ನು ಜಾಹೀರಾತಿನಲ್ಲಿ ಹೊಗಳೋದು ಎಕ್ಸ್‌ಪಿ95, ಪವರ್, ಸ್ಪೀಡ್ ಎಂಬ ಪ್ರೀಮಿಯಂ ಪೆಟ್ರೋಲ್‌ಗಳಿಗೆ. ಸಾದಾ ಪೆಟ್ರೋಲ್ ಹಾಕಿಸಿಕೊಳ್ಳೋನಿಗೆ ತನ್ನ ಪೆಟ್ರೋಲ್‌ನಲ್ಲಿ ಎಷ್ಟು ಡಿಟರ್ಜೆಂಟ್ ಇದೆ ಅಂತ ಹೇಳುವ ಬೋರ್ಡ್ ಬಂಕ್‌ನಲ್ಲಿಲ್ಲ.

ಎಥನಾಲ್ ಬೆರೆಸಿದ ಪೆಟ್ರೋಲ್‌ನಿಂದ ವಾಲ್ವ್ ಕಿಟ್ಟ ಹೆಚ್ಚಬಹುದು ಅಂತ ಹಲವು ಪರೀಕ್ಷೆಗಳು ತೋರಿಸಿವೆ, ಎಲ್ಲ ಪ್ರಮಾಣದಲ್ಲೂ ಒಂದೇ ರೀತಿ ಅಲ್ಲ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯ ಇ20ಯಿಂದ ಮೈಲೇಜ್ ಶೇ 1-2, ಕೆಲವು ವಾಹನಗಳಲ್ಲಿ ಶೇ 3-6 ಇಳಿಯಬಹುದು ಅಂತ ಒಪ್ಪಿಕೊಂಡಿತು. ಎಥನಾಲ್ ಇಲ್ಲದ ಪೆಟ್ರೋಲ್‌ನ ಆಯ್ಕೆ ಕೊಡಿ, ಬಂಕ್‌ನಲ್ಲಿ ಎಷ್ಟು ಎಥನಾಲ್ ಇದೆ ಅಂತ ಬರೆಯಿರಿ ಅಂತ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆಯ್ಕೆ ಕೊಡೋದು ಕಷ್ಟ ಅನ್ನಿ, ಬರೆಯೋದಕ್ಕೇನು ಕಷ್ಟ?

ತೋಟದಲ್ಲಿ ಕಳೆ ಕತ್ತರಿಸುವ ಯಂತ್ರ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತ ಪೆಟ್ರೋಲ್‌ನ ಎಥನಾಲ್ ಗಾಳಿಯ ತೇವ ಹೀರಿ ನೀರಿನ ಜೊತೆ ಬೇರೆಯಾಗಬಹುದು. ಅದನ್ನು ಯಾವ ಕ್ಲೀನರ್ ಬಾಟಲಿಯೂ ಸರಿಮಾಡಲ್ಲ, ಟ್ಯಾಂಕ್ ಖಾಲಿ ಮಾಡಿ ಇಡೋದೇ ದಾರಿ.

ಪೆಟ್ರೋಲ್‌ನ ಮಾನದಂಡ ಐಎಸ್ 2796. ಅದನ್ನು ಬರೆಯೋದು ಭಾರತೀಯ ಮಾನಕ ಬ್ಯೂರೋ. ಸಾದಾ ಪೆಟ್ರೋಲ್‌ಗೂ ಕನಿಷ್ಠ ಡೋಸ್ ಕಡ್ಡಾಯ ಮಾಡಿ, ಅದನ್ನು ಬಂಕ್‌ನಲ್ಲಿ ಬರೆಸಿ, ಬಾಟಲಿ ಮಾರುವವರಿಂದ ಡಿಟರ್ಜೆಂಟ್ ಯಾವುದು, ವಾಹಕ ದ್ರವ ಯಾವುದು ಅಂತ ಲೇಬಲ್ ಮೇಲೆ ಹಾಕಿಸಿ ಅಂತ ನಮ್ಮ ಸಂಸದರು ದೆಹಲಿಯಲ್ಲಿ ಕೇಳಬಹುದು. ಕೊಬ್ಬರಿ ಬೆಂಬಲ ಬೆಲೆಗೆ ಬರೆಯುವ ಮನವಿಯ ಜೊತೆಗೆ ಇದೂ ಒಂದು ಹಾಳೆ ಸೇರಲಿ.