ಆಟದ ರಾಜ್ಯಕ್ಕೊಂದು ಸಂವಿಧಾನ

ಮಕ್ಕಳು ಗಣಕಯಂತ್ರದ ಮುಂದೆ ಕುಳಿತರೆಂದರೆ ಕಾಲಹರಣಕ್ಕೆ ಕುಳಿತರೆಂದೇ ಭಾವಿಸುವುದು ಹಿರಿಯರಾದ ನಮ್ಮೆಲ್ಲರ ರೂಢಿ. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಅಂತರಜಾಲದ ಆಟಗಳಲ್ಲಿ ಒಂದು ಬಗೆಯ ಆಟ ಮಾತ್ರ ನಮ್ಮ ಗಮನಕ್ಕೆ ಅರ್ಹವಾದುದು. ಅಲ್ಲಿ ಕತ್ತಿ, ಬಂದೂಕುಗಳ ಆರ್ಭಟವಿಲ್ಲ. ಪಕ್ಷ, ಚುನಾವಣೆ, ಮಸೂದೆ, ಮತದಾನಗಳೇ ಅಲ್ಲಿನ ಆಟದ ಸಾಮಗ್ರಿ. ಆಡುವವರು ಒಟ್ಟುಗೂಡಿ ತಮಗೆ ತಾವೇ ಒಂದು ಸಂವಿಧಾನವನ್ನು ಬರೆದುಕೊಳ್ಳುತ್ತಾರೆ. ಹದಿನೈದು, ಹದಿನಾರರ ಹರೆಯದವರು ಈ ಕೆಲಸಕ್ಕೆ ತೊಡಗಿದಾಗ ಏನನ್ನು ಕಲಿಯುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಆಸ್ಟ್ರೇಲಿಯದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ಅವರು 2002ರಲ್ಲಿ ‘ನೇಷನ್‌ಸ್ಟೇಟ್ಸ್’ ಎಂಬ ಆಟವನ್ನು ಆರಂಭಿಸಿದರು. ಇದರಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಕಲ್ಪಿತ ರಾಷ್ಟ್ರವನ್ನು ಸ್ಥಾಪಿಸಿ, ತೆರಿಗೆ, ಶಿಕ್ಷಣ, ಪರಿಸರ ಮುಂತಾದ ಪ್ರಶ್ನೆಗಳಿಗೆ ತೀರ್ಮಾನ ಕೊಡುತ್ತಾ ಅದನ್ನು ಆಳುತ್ತಾನೆ. ಈ ರಾಷ್ಟ್ರಗಳು ಗುಂಪುಗೂಡಿದರೆ ‘ಪ್ರದೇಶ’ ಎನಿಸುತ್ತದೆ. ಎಲ್ಲಕ್ಕೂ ಮೇಲೆ ಒಂದು ‘ವಿಶ್ವಸಭೆ’ ಉಂಟು. ಮೊದಲು ಅದಕ್ಕೆ ವಿಶ್ವಸಂಸ್ಥೆ ಎಂಬ ಹೆಸರೇ ಇದ್ದಿತು. ನಿಜವಾದ ವಿಶ್ವಸಂಸ್ಥೆಯು ಆಕ್ಷೇಪಿಸಿದ ಕಾರಣ 2008ರಲ್ಲಿ ಅದನ್ನು ಬದಲಿಸಲಾಯಿತು. ಒಬ್ಬ ಮನುಷ್ಯ ಎಷ್ಟು ರಾಷ್ಟ್ರಗಳನ್ನಾದರೂ ಕಟ್ಟಬಹುದು, ಆದರೆ ವಿಶ್ವಸಭೆಯಲ್ಲಿ ಅವನಿಗೆ ಒಂದೇ ಸದಸ್ಯತ್ವ. ಪ್ರದೇಶದೊಳಗೆ ಯಾವ ಸದಸ್ಯರಾಷ್ಟ್ರಕ್ಕೆ ಇತರ ಸದಸ್ಯರ ಅನುಮೋದನೆ ಅತ್ಯಧಿಕವಾಗಿ ದೊರೆಯುತ್ತದೋ ಅದೇ ಆ ಪ್ರದೇಶದ ಪ್ರತಿನಿಧಿ.

ಇಲ್ಲಿಯವರೆಗಿನದು ಆಟ ನಿರ್ಮಿಸಿದವರು ಹಾಕಿಕೊಟ್ಟ ಯಾಂತ್ರಿಕ ನಿಯಮ. ಸಂವಿಧಾನವನ್ನು ಯಾರೂ ಕೊಟ್ಟಿಲ್ಲ. ಅನೇಕ ಪ್ರದೇಶಗಳ ಆಟಗಾರರು ಶಾಸನಸಭೆ, ಮಂತ್ರಿಮಂಡಲ, ನ್ಯಾಯಾಲಯ, ಹಕ್ಕುಗಳ ಪಟ್ಟಿ ಇವೆಲ್ಲವನ್ನೂ ಒಳಗೊಂಡ ಸಂವಿಧಾನವನ್ನು ತಾವಾಗಿ ರಚಿಸಿಕೊಂಡರು. ತೊಡಕು ಹುಟ್ಟುವುದು ಇಲ್ಲಿಯೇ. ಆಟದ ಯಂತ್ರಕ್ಕೆ ಈ ಸಂವಿಧಾನದ ಅರಿವಿಲ್ಲ. ಚುನಾವಣೆಯಲ್ಲಿ ಗೆದ್ದವರು ಯಾರೆಂದು ಅದು ಕೇಳುವುದಿಲ್ಲ. ಅನುಮೋದನೆಗಳನ್ನು ಎಣಿಸಿ, ಹೆಚ್ಚು ಪಡೆದವರ ಕೈಗೆ ಅಧಿಕಾರ ಕೊಡುತ್ತದೆ, ಅಷ್ಟೆ. ಆ ಅಧಿಕಾರದಲ್ಲಿ ಇತರ ರಾಷ್ಟ್ರಗಳನ್ನು ಪ್ರದೇಶದಿಂದ ಹೊರಹಾಕುವುದೂ ಸೇರಿರಬಹುದು. 2003ರಲ್ಲಿ ‘ದಿ ಪೆಸಿಫಿಕ್’ ಎಂಬ ಪ್ರದೇಶದಲ್ಲಿ ಪ್ರತಿನಿಧಿಸ್ಥಾನವನ್ನು ಹಿಡಿದ ಆಟಗಾರನೊಬ್ಬ ವಿರೋಧಿಗಳನ್ನು ಹೊರದೂಡಿ ತನ್ನದೇ ಆದ ಹೊಸ ಆಡಳಿತವನ್ನು ಸ್ಥಾಪಿಸಿದ. ಯಂತ್ರದ ದೃಷ್ಟಿಯಲ್ಲಿ ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ.

ಆದುದರಿಂದ ಇಂತಹ ಸಮುದಾಯಕ್ಕೆ ಸಂವಿಧಾನ ಬರೆಯಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ‘ಬೀಗದ ಕೈ ಯಾರ ಬಳಿ ಇದೆ?’ ಎಂಬುದು. ಪೀಠಿಕೆಯ ಶಬ್ದಗಳು ಎಷ್ಟು ಗಂಭೀರವಾಗಿವೆ ಎಂಬುದು ಆಮೇಲಿನ ಮಾತು. ಅನುಭವದಿಂದ ಪಾಠ ಕಲಿತ ಪ್ರದೇಶಗಳು ಇದಕ್ಕೊಂದು ಉಪಾಯವನ್ನು ಕಂಡುಕೊಂಡವು. ನಂಬಿಕೆಗೆ ಪಾತ್ರರಾದ ಕೆಲವು ಹಳೆಯ ಸದಸ್ಯರನ್ನು ರಕ್ಷಣಾಮಂಡಳಿಯಾಗಿ ನೇಮಿಸಿ, ಪ್ರತಿನಿಧಿಯನ್ನು ಬಿಟ್ಟರೆ ಅವರಿಗೇ ಹೆಚ್ಚು ಅನುಮೋದನೆ ಇರುವಂತೆ ನೋಡಿಕೊಳ್ಳುವುದು. ಉಳಿದವರು ಅನುಮೋದನೆಯನ್ನು ಮಿತಿಮೀರಿ ಸಂಗ್ರಹಿಸದಂತೆ ತಡೆಯುವುದು. ಪ್ರತಿನಿಧಿ ದಾರಿ ತಪ್ಪಿದರೆ ಸದಸ್ಯರು ಅವನಿಗೆ ಕೊಟ್ಟ ಅನುಮೋದನೆಯನ್ನು ಹಿಂದಕ್ಕೆ ಪಡೆಯುತ್ತಾರೆ. ಮಂಡಳಿಯವರಲ್ಲೊಬ್ಬರು ಆ ಸ್ಥಾನಕ್ಕೆ ಬರುತ್ತಾರೆ. ಇಲ್ಲಿ ಬರಹದ ಕಾನೂನಿಗೂ ಯಂತ್ರದ ಕಾನೂನಿಗೂ ಗಂಟು ಬಿದ್ದಿದೆ. ಇದೇ ಉತ್ತಮ ರಚನೆಯ ಲಕ್ಷಣ.

ಎರಡನೆಯ ಪ್ರಶ್ನೆ, ಪ್ರಜೆ ಯಾರು? ಒಬ್ಬನೇ ಹತ್ತು ರಾಷ್ಟ್ರಗಳ ಹೆಸರಿನಲ್ಲಿ ಬರಬಲ್ಲನಾದರೆ ‘ಒಬ್ಬರಿಗೆ ಒಂದು ಮತ’ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಇದಲ್ಲದೆ ಹೊರಗಿನ ಗುಂಪೊಂದು ಒಮ್ಮೆಗೇ ಒಳನುಗ್ಗಿ, ತನ್ನ ನಾಯಕನಿಗೆ ಅನುಮೋದನೆ ಸುರಿದು, ಪ್ರದೇಶವನ್ನೇ ವಶಪಡಿಸಿಕೊಳ್ಳುವ ದಾಳಿಗಳೂ ಈ ಆಟದಲ್ಲಿ ಸಾಮಾನ್ಯ. ಹಾಗೆಂದು ಬಾಗಿಲನ್ನು ಭದ್ರಪಡಿಸಿಕೊಂಡರೆ ಹೊಸಬರು ಬರುವುದಿಲ್ಲ. ಹಳಬರು ಬೇಸತ್ತು ಬಿಟ್ಟುಹೋದಂತೆ ಊರು ಬರಿದಾಗುತ್ತದೆ. ಬಂದವರನ್ನು ಆದರಿಸಿ, ಮತದ ಹಕ್ಕಿಗೆ ಮಾತ್ರ ಕೆಲವು ದಿನಗಳ ವಾಸ್ತವ್ಯ ಮತ್ತು ಪರಿಶೀಲನೆಯನ್ನು ವಿಧಿಸುವುದು ಮಧ್ಯಮಮಾರ್ಗವೆಂದು ನಮಗೆ ತೋರುತ್ತದೆ.

ಮೂರನೆಯದು ತಿದ್ದುಪಡಿ. ಅಮೆರಿಕದ ಅರ್ಲ್‌ಹ್ಯಾಮ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕರಾಗಿದ್ದ ಪೀಟರ್ ಸೂಬರ್ ಅವರು ಈ ಒಂದು ಸಮಸ್ಯೆಯನ್ನೇ ಆಟವಾಗಿಸಿದ್ದಾರೆ. 1982ರಲ್ಲಿ ಬೆಳಕಿಗೆ ಬಂದ ‘ನೋಮಿಕ್’ ಎಂಬ ಈ ಆಟದಲ್ಲಿ ನಿಯಮವನ್ನು ಬದಲಿಸುವುದೇ ಆಟಗಾರನ ನಡೆ. ಆರಂಭದ 29 ನಿಯಮಗಳಲ್ಲಿ 16 ಸ್ಥಿರವಾದವು, 13 ಸುಲಭವಾಗಿ ಬದಲಾಗುವಂಥವು. ಸ್ಥಿರ ನಿಯಮವನ್ನು ಬದಲಾಗುವ ವರ್ಗಕ್ಕೆ ತರಬೇಕಾದರೆ ಎಲ್ಲರ ಒಪ್ಪಿಗೆಯೂ ಬೇಕು. ನಮ್ಮ ಸಂವಿಧಾನದ 368ನೆಯ ವಿಧಿಯಲ್ಲಿಯೂ ಇಂತಹ ಮೆಟ್ಟಿಲುಗಳಿವೆ: ಬಹಳಷ್ಟು ತಿದ್ದುಪಡಿಗಳಿಗೆ ಸಂಸತ್ತಿನ ವಿಶೇಷ ಬಹುಮತ ಸಾಕು, ಕೆಲವಕ್ಕೆ ಅದರ ಮೇಲೆ ಅರ್ಧದಷ್ಟಾದರೂ ರಾಜ್ಯಗಳ ಒಪ್ಪಿಗೆ ಬೇಕು. ಅದರಾಚೆಗೂ ಸಂವಿಧಾನದ ಮೂಲಸ್ವರೂಪಕ್ಕೆ ಕೈಹಚ್ಚಲಾಗದೆಂದು 1973ರಲ್ಲಿ ಕೇಶವಾನಂದ ಭಾರತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 7ಕ್ಕೆ 6ರ ಬಹುಮತದಿಂದ ತೀರ್ಪಿತ್ತಿತು. ಆಟದ ಸಂವಿಧಾನವೂ ಎರಡು ಅಂತಸ್ತಿನದಾಗಿದ್ದರೆ ಕ್ಷೇಮ. ಸಭೆಯ ವೇಳಾಪಟ್ಟಿಯಂತಹ ವಿಷಯಗಳು ಸರಳ ಬಹುಮತಕ್ಕೆ ಸಿಗಲಿ. ಮತದ ಹಕ್ಕು, ಚುನಾವಣೆಯ ಅವಧಿ ಮುಂತಾದವು ಇಂದಿನ ಬಹುಮತದ ಉತ್ಸಾಹಕ್ಕೆ ಸುಲಭವಾಗಿ ಸಿಗದಿರಲಿ.

ಇನ್ನು ಗಾತ್ರದ ಮಾತು. ಎಳೆಯರಿಗೆ ಪದವಿಗಳನ್ನು ಸೃಷ್ಟಿಸುವುದೆಂದರೆ ಬಲು ಉಮೇದು. ಇಪ್ಪತ್ತು ಮಂದಿಯ ಕೂಟಕ್ಕೆ ಎರಡು ಸದನ, ಹನ್ನೆರಡು ಮಂತ್ರಿಗಳು, ಐವರು ನ್ಯಾಯಾಧೀಶರು ಎಂದರೆ ಆಳುವವರೇ ಉಳಿದು ಪ್ರಜೆಗಳೇ ಇಲ್ಲದಂತಾಗುತ್ತದೆ. ಪರೀಕ್ಷೆಯ ಕಾಲ ಬಂದರೆ ಅರ್ಧ ಸದಸ್ಯರು ಕಾಣೆಯಾಗುತ್ತಾರೆ. ಸಭೆಗೆ ಕೋರಂ ಸಹ ಕೂಡುವುದಿಲ್ಲ. ಆದ್ದರಿಂದ ಒಂದು ಸಭೆ, ಒಬ್ಬ ಮುಖ್ಯಸ್ಥ, ತಕರಾರು ಬಂದಾಗ ತೀರ್ಪು ಕೊಡುವ ಒಬ್ಬ ಮೂರನೆಯವರು, ಮುಖ್ಯಸ್ಥ ಕೆಲವು ವಾರ ಬಾರದಿದ್ದರೆ ಮುಂದೇನೆಂಬ ಒಂದು ಸ್ಪಷ್ಟ ವಿಧಿ ಇಷ್ಟಿದ್ದರೆ ಆರಂಭಕ್ಕೆ ಧಾರಾಳವಾಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಕೊರತೆ ಉಳಿಯುತ್ತದೆ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ ಡಾ. ಅಂಬೇಡ್ಕರ್ ಅವರು, ಸಂವಿಧಾನ ಎಷ್ಟೇ ಒಳ್ಳೆಯದಾಗಿದ್ದರೂ ನಡೆಸುವವರು ಕೆಟ್ಟವರಾದರೆ ಅದೂ ಕೆಟ್ಟೇ ಹೋಗುವುದೆಂಬ ಅರ್ಥದ ಎಚ್ಚರಿಕೆಯನ್ನು ನೀಡಿದ್ದರು. ಆಟದ ರಾಜ್ಯದಲ್ಲಿ ಇದರ ಸತ್ಯವು ಬಹುಬೇಗ ಮನವರಿಕೆಯಾಗುತ್ತದೆ. ಏಕೆಂದರೆ ಅಲ್ಲಿ ಪೊಲೀಸರಿಲ್ಲ, ಸೆರೆಮನೆಯಿಲ್ಲ. ಚುನಾವಣೆಯಲ್ಲಿ ಸೋತವನು ಮುನಿಸಿಕೊಂಡು ಒಂದೇ ಕ್ಷಣದಲ್ಲಿ ಹೊರನಡೆಯಬಹುದು. ಸೋತರೂ ಉಳಿದುಕೊಂಡು ಮುಂದಿನ ಚುನಾವಣೆಗೆ ಕಾಯುವವರು ಹಾಗೂ ಗೆದ್ದರೂ ಅವಧಿ ಮುಗಿದೊಡನೆ ಬೀಗದ ಕೈಯನ್ನು ಒಪ್ಪಿಸಿಕೊಡುವವರು ಇರುವಷ್ಟು ದಿನ ಮಾತ್ರ ಆ ಸಂವಿಧಾನ ಬದುಕಿರುತ್ತದೆ.

ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮಗ ಅಥವಾ ಮಗಳು ಇಂತಹ ಆಟದಲ್ಲಿ ತೊಡಗಿದ್ದರೆ ಗದರುವ ಮುನ್ನ ಪಕ್ಕದಲ್ಲಿ ಕುಳಿತು ಅವರ ಸಂವಿಧಾನವನ್ನು ಒಮ್ಮೆ ಓದಿಸಿ ಕೇಳಿರಿ. ನಾಯಕನನ್ನು ಇಳಿಸುವ ದಾರಿ ಯಾವುದು, ಹೊಸಬರಿಗೆ ಮತ ಎಂದಿನಿಂದ, ನೀನು ಸೋತರೆ ಏನು ಮಾಡುವೆ ಎಂದು ವಿಚಾರಿಸಿರಿ. ಕೊನೆಯ ಪ್ರಶ್ನೆಗೆ ಆ ಮಗು ಕೊಡುವ ಉತ್ತರವನ್ನು ಗಮನವಿಟ್ಟು ಕೇಳಿರಿ. ಇನ್ನು ಕೆಲವೇ ವರ್ಷಗಳಲ್ಲಿ ನಮ್ಮ ಸಹಕಾರ ಸಂಘಗಳನ್ನೂ ಪಂಚಾಯತಿಗಳನ್ನೂ ನಡೆಸಬೇಕಾದವರು ಇವರೇ ಅಲ್ಲವೆ?