ತಿಳಿಸಬೇಕಾದದ್ದು ಯಾರಿಗೆ, ಕೇಳಬೇಕಾದದ್ದು ಯಾರನ್ನು?

1997ರಲ್ಲಿ ಎವರೆಸ್ಟ್ ಏರಲು ಹೋದ ಮಲೇಷ್ಯಾದ ತಂಡದಲ್ಲಿ ಎಂ. ಮೂರ್ತಿ ಎಂಬ ಸೈನಿಕರಿದ್ದರು. ಆಮೇಲೆ ಅಪಘಾತವೊಂದರಲ್ಲಿ ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿ ಹಿಡಿದರು. 2005ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ಹೆಂಡತಿ ಹಿಂದೂ ಪದ್ಧತಿಯಂತೆ ಸಂಸ್ಕಾರ ಮಾಡಲು ಹೊರಟರು. ಇಸ್ಲಾಂ ಧಾರ್ಮಿಕ ಇಲಾಖೆ ತಡೆಯಿತು: ಇವರು ಬದುಕಿದ್ದಾಗಲೇ ಇಸ್ಲಾಂಗೆ ಸೇರಿದ್ದಾರೆ, ದೇಹವನ್ನು ನಾವು ಮಣ್ಣು ಮಾಡಬೇಕು. ಹೆಂಡತಿಗೆ ಇದು ಹೊಸ ಸುದ್ದಿ. ಷರಿಯಾ ಕೋರ್ಟು ಇಲಾಖೆಯ ಮಾತನ್ನು ಒಪ್ಪಿತು. ಮುಸ್ಲಿಮೇತರಳಾದ ಆಕೆಗೆ ಅಲ್ಲಿ ವಾದಿಸುವ ಅವಕಾಶವೇ ಇರಲಿಲ್ಲ. ಹೈಕೋರ್ಟಿಗೆ ಹೋದರೆ, 1988ರಲ್ಲಿ ಸಂವಿಧಾನಕ್ಕೆ ಸೇರಿದ 121(1ಎ) ವಿಧಿಯ ಪ್ರಕಾರ ಷರಿಯಾ ಕೋರ್ಟಿನ ವ್ಯಾಪ್ತಿಗೆ ನಾವು ಕೈ ಹಾಕುವಂತಿಲ್ಲ ಎಂಬ ಉತ್ತರ ಬಂತು. ಒಂದು ಬಾಗಿಲು ಆಕೆಗಲ್ಲ, ಇನ್ನೊಂದು ತೆರೆಯಲಿಲ್ಲ. ಮೂರ್ತಿಯವರ ಅಂತ್ಯಕ್ರಿಯೆ ಮುಸ್ಲಿಂ ವಿಧಿಯಂತೆ ನಡೆಯಿತು.

ಅವರು ನಿಜವಾಗಿ ಇಸ್ಲಾಮಿನ ನಂಬಿಕೆಯ ನುಡಿಯಾದ ಕಲಿಮಾ ಹೇಳಿದ್ದರೇ ಇಲ್ಲವೇ ಎಂಬುದು ನನ್ನ ಪ್ರಶ್ನೆಯಲ್ಲ. ಹೇಳಿದ್ದರೆ ಅದು ಅವರ ಹಕ್ಕು. ಆದರೆ ಆ ಸಂಗತಿ ಹೆಂಡತಿಗೆ ಶವಾಗಾರದ ಬಾಗಿಲಲ್ಲಿ ತಿಳಿಯಬೇಕಾಗಿ ಬಂದದ್ದು ಅನ್ಯಾಯ. ದೇಶದ ಉದ್ದಕ್ಕೂ ಪ್ರತಿಭಟನೆ ಎದ್ದಿತು. ಕೊನೆಗೆ 2008ರಲ್ಲಿ ಪ್ರಧಾನಿ ಅಬ್ದುಲ್ಲಾ ಬದಾವಿ, ಇಸ್ಲಾಂಗೆ ಬರುವವರು ಮನೆಯವರಿಗೆ ತಿಳಿಸುವುದನ್ನು ಕಡ್ಡಾಯ ಮಾಡುವ ಮಾತಾಡಿದರು. ಒಪ್ಪಿಗೆ ಪಡೆಯುವುದಲ್ಲ, ತಿಳಿಸುವುದು ಮಾತ್ರ. ಅಷ್ಟಕ್ಕೂ ವಿರೋಧ ಬಂತು.

ವಿರೋಧಿಸಿದವರ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ನಂಬಿಕೆ ದೇವರಿಗೂ ಮನುಷ್ಯನಿಗೂ ನಡುವಿನ ವಿಷಯ. ಮನಸ್ಸು ಒಪ್ಪಿ ಬಾಯಿ ನುಡಿದ ಮೇಲೆ ಮೂರನೆಯವರಿಗೆ ಅಲ್ಲಿ ಕೆಲಸವಿಲ್ಲ ಎಂಬುದು ಅವರ ನಿಲುವು. ಮನೆಗೆ ಗೊತ್ತಾದರೆ ಹೊಡೆತ ತಿನ್ನುವ, ಬೀದಿಗೆ ಬೀಳುವ ಹುಡುಗಿಯರೂ ಇದ್ದಾರೆ. ಈ ಭಯ ನಿಜವಾದದ್ದು, ಯಾವ ಧರ್ಮದಿಂದ ಯಾವ ಧರ್ಮಕ್ಕೆ ಹೋದರೂ.

ಆದರೆ ಮಲೇಷ್ಯಾದಲ್ಲಿ ಮತಾಂತರ ಬರೀ ಮನಸ್ಸಿನ ಸಂಗತಿಯಾಗಿ ಉಳಿಯುವುದಿಲ್ಲ. ಸರ್ಕಾರದ ದಫ್ತರಿನಲ್ಲಿ ಹೆಸರು ನಮೂದಾದ ಕ್ಷಣದಿಂದ ಆ ವ್ಯಕ್ತಿಗೆ ಬೇರೆ ಕಾನೂನು, ಬೇರೆ ಕೋರ್ಟು. ಮುಸ್ಲಿಮೇತರ ಹೆಂಡತಿ ಮಕ್ಕಳಿಗೆ ಅವನ ಆಸ್ತಿಯ ಮೇಲಿದ್ದ ವಾರಸುದಾರಿಕೆ ಅಲುಗಾಡುತ್ತದೆ. ಹಿಂದಿರುಗುವ ದಾರಿಯೂ ಸುಲಭವಲ್ಲ: ಇಸ್ಲಾಂ ಬಿಡುವವರು ಷರಿಯಾ ಕೋರ್ಟಿನ ಒಪ್ಪಿಗೆ ತರಬೇಕೆಂಬ ನಿಲುವನ್ನು 2007ರ ಲೀನಾ ಜಾಯ್ ಪ್ರಕರಣದಲ್ಲಿ ಫೆಡರಲ್ ಕೋರ್ಟು ಎತ್ತಿಹಿಡಿಯಿತು. ಕಲಿಮಾ ಒಬ್ಬನದು, ದಫ್ತರಿನ ನಮೂದು ಒಂದು ಕುಟುಂಬದ್ದು. ಯಾರ ಕಾನೂನು ಸ್ಥಾನ ಆ ನಮೂದಿನಿಂದ ಬದಲಾಗುತ್ತದೋ ಅವರಿಗೆ ತಿಳಿಯುವ ಹಕ್ಕಿದೆ. ತಡೆಯುವ ಹಕ್ಕಿಲ್ಲ.

ಈ ಗೆರೆಯನ್ನು ನಮ್ಮ ರಾಜ್ಯವೇ ದಾಟಿತ್ತು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯಲ್ಲಿ ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅದನ್ನು ಕಚೇರಿಯ ಸೂಚನಾ ಫಲಕಕ್ಕೆ ಹಾಕಿ ಆಕ್ಷೇಪಣೆ ಕರೆಯಬೇಕು. ದೂರು ಕೊಡಬಲ್ಲವರ ಪಟ್ಟಿಯಲ್ಲಿ ತಂದೆತಾಯಿ, ಒಡಹುಟ್ಟಿದವರು, ನೆಂಟರಷ್ಟೇ ಅಲ್ಲ, ಸಹೋದ್ಯೋಗಿಯೂ ಇದ್ದಾನೆ! ಪಕ್ಕದ ಮೇಜಿನವನಿಗೆ ನನ್ನ ಪ್ರಾರ್ಥನೆಯಿಂದ ಏನು ನಷ್ಟ? ಇಲ್ಲಿ ತಿಳಿಸುವುದು ಸಂಸಾರದ ರಕ್ಷಣೆಗಲ್ಲ, ಊರನ್ನು ಕರೆದು ತಡೆಯಲಿಕ್ಕೆ. ಇಂಥದೇ ಪೂರ್ವಸೂಚನೆಯ ನಿಯಮವನ್ನು ಹಿಮಾಚಲ ಪ್ರದೇಶದ ಹೈಕೋರ್ಟು 2012ರಲ್ಲೇ ರದ್ದು ಮಾಡಿತ್ತು; ತನ್ನ ನಂಬಿಕೆಯನ್ನು ಬಹಿರಂಗಪಡಿಸದೆ ಇರುವುದೂ ಹಕ್ಕೇ ಎಂದಿತ್ತು. ಕರ್ನಾಟಕದ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದ್ದು ಸರಿಯಾದ ತೀರ್ಮಾನ.

ವಯಸ್ಕ ಮಗಳ ನಂಬಿಕೆಗೆ ಅಪ್ಪನ ಒಪ್ಪಿಗೆ ಬೇಕೆಂದರೆ ಏನಾಗುತ್ತದೆ ಎಂಬುದನ್ನು ಕೇರಳದ ಹಾದಿಯಾ ಪ್ರಕರಣ ತೋರಿಸಿತು. 2017ರಲ್ಲಿ ಹೈಕೋರ್ಟು, ಇಸ್ಲಾಂಗೆ ಸೇರಿದ್ದ ಆಕೆಯ ಮದುವೆಯನ್ನು ಅಸಿಂಧುಗೊಳಿಸಿ, ಓದು ಬಲ್ಲ ಹೆಣ್ಣುಮಗಳನ್ನು ತವರಿನ ಸುಪರ್ದಿಗೆ ಒಪ್ಪಿಸಿತು. ಮರುವರ್ಷ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಹೆತ್ತವರ ಸಂಕಟ ನನಗೆ ಅರ್ಥವಾಗುತ್ತದೆ, ಅದು ಸುಳ್ಳಲ್ಲ. ಆದರೂ ಮದುವೆಯಾಗದ ವಯಸ್ಕ ಮಕ್ಕಳ ವಿಷಯದಲ್ಲಿ ತಂದೆತಾಯಿಗೆ ತಿಳಿಸಲೇಬೇಕೆಂಬ ಕಾನೂನನ್ನೂ ನಾನು ಒಪ್ಪಲಾರೆ. ಅಲ್ಲಿ ಬದಲಾಗುವುದು ಅವರ ಕಾನೂನು ಸ್ಥಾನವಲ್ಲ, ಅವರ ನೆಮ್ಮದಿ.

ಗಂಡ ಹೆಂಡಿರ ಮಾತು ಬೇರೆ. 1995ರ ಸರಳಾ ಮುದ್ಗಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಇದನ್ನು ಕಂಡಿತ್ತು: ಹಿಂದೂ ಗಂಡ ಇಸ್ಲಾಂಗೆ ಸೇರಿದ ಮಾತ್ರಕ್ಕೆ ಮೊದಲ ಮದುವೆ ಮುರಿಯುವುದಿಲ್ಲ, ಅದು ಊರ್ಜಿತವಿರುವಾಗ ಇನ್ನೊಂದು ಮದುವೆಯಾದರೆ ಅಪರಾಧ. ಅವನ ನಂಬಿಕೆಯ ತಂಟೆಗೆ ಹೋಗದೆಯೇ ಅವಳ ಹಕ್ಕು ಉಳಿಸಿದ ತೀರ್ಪು ಅದು.

ಒಪ್ಪಿಗೆ ಕೇಳಲೇಬೇಕಾದ ಒಂದೇ ಜಾಗವೆಂದರೆ ಮಕ್ಕಳದು. ಮಲೇಷ್ಯಾದ ಇಪೋ ನಗರದ ಶಿಕ್ಷಕಿ ಇಂದಿರಾ ಗಾಂಧಿಯವರ ಗಂಡ 2009ರಲ್ಲಿ ಮುಸ್ಲಿಮರಾದರು. ತಾಯಿಗೆ ತಿಳಿಯದಂತೆ ಮೂವರು ಮಕ್ಕಳನ್ನೂ ಮತಾಂತರಿಸಿದರು. ಕಿರಿಯ ಕೂಸಿಗೆ ಆಗ ಇನ್ನೂ ವರ್ಷ ತುಂಬಿರಲಿಲ್ಲ. ತಂದೆತಾಯಿ ಇಬ್ಬರೂ ಒಪ್ಪದ ಮತಾಂತರ ಅಸಿಂಧು ಎಂದು ಫೆಡರಲ್ ಕೋರ್ಟು ಹೇಳಲು 2018ರ ಜನವರಿ ಬರಬೇಕಾಯಿತು. ಅದಕ್ಕೂ ಹಿಂದಿನ ವರ್ಷ ಸಂಸತ್ತಿನ ಮುಂದಿದ್ದ ಮಸೂದೆಯಲ್ಲಿ ಇದೇ ಅರ್ಥದ 88ಎ ಕಲಮು ಇತ್ತು. ಸರ್ಕಾರವೇ ಅದನ್ನು ಕೈಬಿಟ್ಟಿತು. ಶಾಸಕರು ಮಾಡಲು ಹಿಂಜರಿದದ್ದನ್ನು ಒಬ್ಬ ತಾಯಿ ಒಂಬತ್ತು ವರ್ಷ ಕೋರ್ಟು ಅಲೆದು ಮಾಡಿಸಿದರು.

ಹಾಗಾದರೆ ತಿಳಿಸದೆ ಹೋದವನ ಗತಿ? ಅವನ ನಂಬಿಕೆಯನ್ನು ಸುಳ್ಳೆನ್ನಬೇಕಿಲ್ಲ, ಜೈಲು ದಂಡ ಬೇಡವೇ ಬೇಡ. ಜೀವಭಯವಿದ್ದವರು ಆ ಮಾತನ್ನು ನೋಂದಣಾಧಿಕಾರಿಗೆ ಹೇಳಿ ಕಾಲಾವಕಾಶ ಪಡೆಯಲಿ. ಆದರೆ ಬದುಕಿದ್ದಾಗ ಸಂಗಾತಿಗೆ ತಲುಪದ ಮತಾಂತರವನ್ನು ಆ ಸಂಗಾತಿಯ ವಿರುದ್ಧ ಯಾವ ಕೋರ್ಟಿನಲ್ಲೂ ಬಳಸುವಂತಿರಬಾರದು. ಆಸ್ತಿ, ಪಿಂಚಣಿ, ಮಕ್ಕಳು, ದೇಹ ಎಲ್ಲವೂ ಹಳೆಯ ಕಾನೂನಿನಂತೆಯೇ ನಡೆಯಲಿ. ಇಷ್ಟೇ ನಿಯಮ 2005ರಲ್ಲಿ ಇದ್ದಿದ್ದರೆ, ಮೂರ್ತಿಯವರ ಹೆಂಡತಿ ತನ್ನ ಮಾತನ್ನೇಕೆ ಹೇಳಿಕೊಳ್ಳಬಾರದು ಎಂದು ಎರಡು ಕೋರ್ಟುಗಳ ನಡುವೆ ನಿಂತು ಕೇಳಬೇಕಾಗುತ್ತಿರಲಿಲ್ಲ. ಆಕೆಗೆ ತಿಳಿಸಿದ್ದೆವೆಂದು ರುಜುವಾತು ಮಾಡುವ ಹೊರೆ ಧಾರ್ಮಿಕ ಇಲಾಖೆಯದಾಗುತ್ತಿತ್ತು.